ಈ ವಿಸಿಲ್ ಯಾರದ್ದು?

ಉಡುಪಿಯಲ್ಲಿ ನಮ್ಮದು ಹಳೇ ಹೆಂಚಿನ ಮನೆ. ಅಟ್ಟದಲ್ಲಿ ಅರ್ಧ ಜಾಗ ತೆಂಗಿನಕಾಯಿಗೆ, ಉಳಿದರ್ಧ ನನ್ನ ಸ್ಟುಡಿಯೋಗೆ. ಸ್ಟುಡಿಯೋ ಅಂದರೆ ಒಂದು ಲ್ಯಾಪ್‌ಟಾಪ್, ಪುಟ್ಟ ಮಿಡಿ ಕೀಬೋರ್ಡ್, ಎರಡು ಸ್ಪೀಕರ್, ಒಂದು ಮೈಕ್. ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತೇನೆ ಅಂತ ನೆಂಟರಿಗೆ ಹೇಳಿದರೆ, "ಓ, ಡಿಜೆಯಾ? ಮೆಹಂದಿಗೆ ಎಷ್ಟು ತಗೊಳ್ತೀ?" ಅಂತ ಕೇಳುತ್ತಾರೆ.

ಏನೂ ತಗೊಳ್ಳುವುದಿಲ್ಲ. ಕೊಡುವುದಕ್ಕೆ ಒಂದು ಪೂರ್ತಿ ಹಾಡು ಇದ್ದರೆ ತಾನೇ? ನನ್ನ ಹತ್ತಿರ ಇದ್ದದ್ದು ಬರೀ ಲೂಪ್‌ಗಳು, ಅಂದರೆ ಮತ್ತೆ ಮತ್ತೆ ತಿರುಗುವ ಸಣ್ಣ ತುಂಡುಗಳು. ಈ ಹುಚ್ಚು ಹಿಡಿದವರಿಗೆಲ್ಲ ಗೊತ್ತಿರುವ ಕಾಯಿಲೆ ಇದು. ಕಿಕ್ ಅನ್ನುವ ಡ್ರಮ್ಮಿನ ಧಿಂ ಪೆಟ್ಟು ಹಾಕು, ಹೈಹ್ಯಾಟಿನ ಚಿಕ್‌ಚಿಕ್ ಹಾಕು, ತಗ್ಗು ಸ್ವರದ ಬೇಸ್ ಹಾಕು, ಎಂಟು ಬಾರ್ (ನಾಲ್ಕು ಪೆಟ್ಟಿನ ಎಂಟು ಸುತ್ತು) ಆಯಿತು. ಭಾರೀ ಚೆಂದ ಕೇಳುತ್ತದೆ. ಒಂಬತ್ತನೇ ಬಾರ್‌ನಲ್ಲಿ ಏನು ಬರಬೇಕು ಅನ್ನುವುದು ಮಾತ್ರ ಹೊಳೆಯುವುದಿಲ್ಲ. 120 ಬಿಪಿಎಂನಲ್ಲಿ, ಅಂದರೆ ನಿಮಿಷಕ್ಕೆ 120 ಪೆಟ್ಟಿನ ವೇಗದಲ್ಲಿ, ಎಂಟು ಬಾರ್ ಅಂದರೆ ಸರಿಯಾಗಿ 16 ಸೆಕೆಂಡ್. ಎರಡು ವರ್ಷದಲ್ಲಿ ಅಂಥ 37 ಲೂಪ್ ಮಾಡಿದ್ದೆ. ಎಲ್ಲ ಸಾಲಾಗಿ ಜೋಡಿಸಿದರೂ ಹತ್ತು ನಿಮಿಷ ಆಗುವುದಿಲ್ಲ ಮಾರಾಯ್ರೆ.

ಸ್ಫೂರ್ತಿ ಬರಲಿ ಅಂತ ಕಾಯುತ್ತಿದ್ದೆ. ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆಯ ಯಾಂತ್ರಿಕ ದೋಣಿಗಳೂ ಕಡಲಿಗೆ ಇಳಿಯದೆ ಕಾಯುತ್ತವೆ. ಆದರೆ ಅವಕ್ಕೆ 61 ದಿನ ಅಂತ ಒಂದು ಲೆಕ್ಕ ಉಂಟು. ಆ ಹೊತ್ತಿನಲ್ಲಿ ಮೀನುಗಾರರು ಬಲೆಯನ್ನಾದರೂ ರಿಪೇರಿ ಮಾಡುತ್ತಾರೆ. ನಾನು ಹೊಸ ಹೊಸ ಸಿಂಥ್ (ಸದ್ದು ಹುಟ್ಟಿಸುವ ಸಾಫ್ಟ್‌ವೇರ್) ಡೌನ್‌ಲೋಡ್ ಮಾಡುತ್ತಿದ್ದೆ. 1982ರಲ್ಲಿ ಮುಂಬೈಯ ಸಂಗೀತಗಾರ ಚರಣ್‌ಜಿತ್ ಸಿಂಗ್ ರೋಲ್ಯಾಂಡ್ ಕಂಪನಿಯ ಜುಪಿಟರ್-8, ಟಿಆರ್-808, ಟಿಬಿ-303 ಅನ್ನುವ ಮೂರು ಯಂತ್ರ ಇಟ್ಟುಕೊಂಡು, ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ಇಡೀ ಆಲ್ಬಂ ಮುಗಿಸಿದ್ದರು. ಆ 303 ಇದೆಯಲ್ಲ, ಅದು ಗಿಟಾರ್ ನುಡಿಸುವವರ ಜೊತೆಗೆ ಬೇಸ್ ನುಡಿಸಲಿ ಅಂತ ಮಾಡಿದ ಪೆಟ್ಟಿಗೆ. ಸರಿಯಾಗಿ ಮಾರಾಟವಾಗದೆ ಕೆಲವೇ ವರ್ಷದಲ್ಲಿ ನಿಂತೂ ಹೋಯಿತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಆ ಮೂರರ ನಕಲೂ ಉಂಟು, ಮೇಲೆ ಇನ್ನೊಂದು ನೂರಿಪ್ಪತ್ತು. ಒಂಬತ್ತನೇ ಬಾರ್ ಒಂದೇ ಇಲ್ಲ.

ಸಂಗೀತಗಾರ ಬ್ರಯಾನ್ ಈನೋ ಮತ್ತು ಚಿತ್ರಕಾರ ಪೀಟರ್ ಶ್ಮಿಟ್ 1975ರಲ್ಲಿ ಇಂಥ ಹೊತ್ತಿಗೇ ಅಂತ ಒಂದು ಕಟ್ಟು ಕಾರ್ಡ್ ಮಾಡಿದ್ದರು. ಕೆಲಸ ಮುಂದೆ ಹೋಗದಿದ್ದರೆ ಇಸ್ಪೀಟಿನ ಹಾಗೆ ಒಂದು ಎಳೆಯುವುದು, ಅದು ಹೇಳಿದ ಹಾಗೆ ಮಾಡುವುದು. ನಾನೂ ಹಳೇ ಮದುವೆ ಕಾಗದಗಳ ಹಿಂದೆ ಬರೆದು, ಹರಿದು, ಅಮ್ಮನ ಖಾಲಿ ಉಪ್ಪಿನಕಾಯಿ ಭರಣಿಗೆ ಹಾಕಿಟ್ಟೆ. ಮೊದಲ ಚೀಟಿ: "ಕಿಕ್ ತೆಗೆ." ತೆಗೆದೆ. ಹೆಂಚಿನ ಮೇಲೆ ಮಳೆ ಬೀಳುವುದು ಮಾತ್ರ ಕೇಳಿಸಿತು. ಎರಡನೆಯದು: "ಅಡುಗೆಮನೆಯಿಂದ ಒಂದು ಶಬ್ದ ತಾ." ಕೆಳಗಿಳಿದು ಕುಕ್ಕರಿನ ವಿಸಿಲ್ ರೆಕಾರ್ಡ್ ಮಾಡಿಕೊಂಡು ಬಂದೆ. ಮೂರನೆಯದು: "ಟೈಮ್ ಇಟ್ಟು ಮಾಡು."

ನಮ್ಮ ಕುಕ್ಕರಿನಲ್ಲಿ ಕುಚ್ಚಲಕ್ಕಿಗೆ ಆರು ವಿಸಿಲ್ ಬೇಕು. ಮರುದಿನ ಅಮ್ಮ ಅನ್ನಕ್ಕಿಟ್ಟದ್ದೇ ನಾನು ಅಟ್ಟ ಹತ್ತಿದೆ. ಆರನೇ ವಿಸಿಲಿನ ಒಳಗೆ ಹಾಡು ಮುಂದೆ ಹೋಗಬೇಕು, ಒಳ್ಳೆಯದೋ ಕೆಟ್ಟದ್ದೋ. ರೆಕಾರ್ಡ್ ಮಾಡಿದ ವಿಸಿಲನ್ನು ಎಂಟನೇ ಬಾರ್‌ನ ಕೊನೆಗೆ ಇಟ್ಟೆ. ಟೆಕ್ನೋದಲ್ಲಿ ಕಿಕ್ ವಾಪಸ್ ಬೀಳುವ ಮೊದಲು ಸುಯ್ಯೋ ಅಂತ ಒಂದು ಸದ್ದು ಏರುತ್ತದೆ ಅಲ್ವಾ, ಥೇಟ್ ಅದೇ! ಒಂಬತ್ತನೇ ಬಾರ್ ತಾನಾಗಿಯೇ ಬಂತು. ಖುಷಿಗೆ ಸ್ಪೀಕರ್ ಜೋರು ಮಾಡಿ ಆ ತುಂಡನ್ನೇ ಮತ್ತೆ ಮತ್ತೆ ಕೇಳಿದೆ. 16 ಸೆಕೆಂಡಿಗೊಂದು ವಿಸಿಲ್.

ಕೆಳಗೆ ಅಮ್ಮ, ಮೂರು ದಿನದಿಂದ ಒಣಗದ ಬಟ್ಟೆಗಳನ್ನು ಫ್ಯಾನಿನ ಕೆಳಗೆ ಹರಡುತ್ತಾ ವಿಸಿಲ್ ಎಣಿಸುತ್ತಿದ್ದರು. ಇವತ್ತು ಕುಕ್ಕರಿಗೆ ಎಂತ ಅರ್ಜೆಂಟ್ ಅಂತ ಅನಿಸಿತಂತೆ. ಹೊಸ ಗ್ಯಾಸ್ಕೆಟ್ ಅಲ್ವಾ, ಹಾಗೆ ಇರಬೇಕು ಅಂದುಕೊಂಡು ಆರಾದ ಕೂಡಲೇ ಗ್ಯಾಸ್ ಆಫ್ ಮಾಡಿದರು.

ಮಧ್ಯಾಹ್ನ ಅಪ್ಪ ಮೊದಲ ತುತ್ತು ಬಾಯಿಗಿಟ್ಟು, "ಇದು ಅನ್ನವಾ, ಜಲ್ಲಿಯಾ?" ಅಂತ ಕೇಳಿದರು. ಅಮ್ಮ ಗ್ಯಾಸ್ಕೆಟ್ ಕೊಟ್ಟ ಅಂಗಡಿಯವನಿಗೆ ಬೈದರು. ನನಗೆ ಅರ್ಥವಾಯಿತು. ಆದರೂ ಸುಮ್ನೆ ಕೂತೆ. ಅಕ್ಕಿ ಮತ್ತೆ ಒಲೆ ಹತ್ತಿತು. ಸಿಕ್ಕಿದ ಆ ಹೊತ್ತಿನಲ್ಲಿ, ಈ ಸಲ ಮರ್ಯಾದೆಯಿಂದ ಹೆಡ್‌ಫೋನ್ ಹಾಕಿಕೊಂಡು, ಹಾಡನ್ನು ಮುಗಿಸಿಯೂ ಬಿಟ್ಟೆ. ಮೂರು ನಿಮಿಷ ಹತ್ತು ಸೆಕೆಂಡ್!

ಸಂಜೆ ಅಪ್ಪನಿಗೆ ಕೇಳಿಸಿದೆ. ಯಕ್ಷಗಾನಕ್ಕೆ ರಾತ್ರಿಯಿಡೀ ಕೂರುವ ಮನುಷ್ಯ ಅವರು. ಕಣ್ಣು ಮುಚ್ಚಿ ಕೇಳಿದರು. "ಚೆಂಡೆ ಸರಿ ಉಂಟು. ಭಾಗವತರು ಯಾವಾಗ ಬರುವುದು?" ಅಂದರು. ಭಾಗವತರು ಬರಲಿಲ್ಲ, ವಿಸಿಲ್ ಬಂತು. ಅದರ ಹಿಂದೆಯೇ ಸೌಟು ಹಿಡಿದ ಅಮ್ಮ ಬಂದರು. ಸಂಜೆ ಕುಕ್ಕರ್ ಇಟ್ಟೇ ಇರಲಿಲ್ಲ.

ಆಮೇಲಿಂದ ಹೊಸ ಪದ್ಧತಿ. ಪ್ರತಿ ವಿಸಿಲಿಗೂ ಕೆಳಗಿನಿಂದ ಒಂದು ಪ್ರಶ್ನೆ: "ಇದು ನಿನ್ನದಾ, ಕುಕ್ಕರಿನದ್ದಾ?" ನಾನು "ಕುಕ್ಕರಿನದ್ದು" ಅಂದರೆ ಮಾತ್ರ ಲೆಕ್ಕಕ್ಕೆ. ಮೊನ್ನೆ ಎರಡನೇ ಹಾಡಿನ ಹದಿನೇಳನೇ ಬಾರ್‌ನಲ್ಲಿ ಮುಳುಗಿದ್ದೆ, ಕಿವಿಯಲ್ಲಿ ಹೆಡ್‌ಫೋನ್, ಪ್ರಶ್ನೆ ಕೇಳಿಸಲೇ ಇಲ್ಲ. ಉತ್ತರ ಬಾರದ್ದಕ್ಕೆ ಅಮ್ಮ ಒಂದನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅನ್ನ ಗಂಜಿಯಾಗಿತ್ತು. ಗಂಜಿಗೆ ಉಪ್ಪಿನಕಾಯಿ ಬೇಕು, ನಾಳೆ ಹೊಸತು ಹಾಕುತ್ತೇನೆ, ನನ್ನ ಭರಣಿ ಖಾಲಿ ಮಾಡಿ ಕೊಡು ಅಂತ ಹೇಳಿದ್ದಾರೆ.