ಸ್ಪಷ್ಟನೆ: ಚಪ್ಪಾಳೆ ಬೀಳದಿದ್ದಕ್ಕೆ ಕಾರಣ ಬೇರೆ

ಮಂಗಳೂರಿನಲ್ಲಿ ನಾವು ಆಡಿದ ಹೊಸ ಸಂಗೀತ ನಾಟಕದ ಬಗ್ಗೆ ವಾಟ್ಸಾಪ್‌ನಲ್ಲಿ ಒಂದು ಮಾತು ಓಡಾಡುತ್ತಿದೆ: 'ಹಾಡಿಗೆ ಒಂದು ಚಪ್ಪಾಳೆಯೂ ಇಲ್ಲ. ಇಂಥ ಮೆಲುದನಿಯ ನಾಟಕ ಎಲ್ಲೂ ಓಡಲ್ಲ.'

ಹಾಡು ಮುಗಿದ ಕೂಡಲೇ ಮಾತು ಶುರುವಾಗುತ್ತದೆ. ಚಪ್ಪಾಳೆಗೆ ನಾವೇ ಜಾಗ ಬಿಟ್ಟಿಲ್ಲ. ಚೆಂಡೆಯ ಅಬ್ಬರಕ್ಕೆ ಒಗ್ಗಿದ ನಮ್ಮ ಕಿವಿಗೆ ಇದು ಹೊಸದು, ಅಲ್ವಾ? ಕೆಲವರಿಗೆ ಹಿಡಿಸಲಿಲ್ಲ, ನಿಜ. ಆದರೆ ಜಾಸ್ತಿ ಜನ ಕೊನೆಯವರೆಗೂ ಕೂತಿದ್ದರು. ಆಮೇಲೆ ಬಂದು ಹಾಡಿನ ಸಾಲು ಕೇಳಿ ಬರೆದುಕೊಂಡರು.

'ಎಲ್ಲೂ ಓಡಲ್ಲ' ಅನ್ನುವುದೂ ತಪ್ಪು. ನ್ಯೂಯಾರ್ಕಿನ ಹೆಸರಾಂತ ನಾಟಕ ಕೇಂದ್ರ ಬ್ರಾಡ್‌ವೇಯ 'ದಿ ಬ್ಯಾಂಡ್ಸ್ ವಿಸಿಟ್' ಇಂಥದ್ದೇ ಅಬ್ಬರವಿಲ್ಲದ ನಾಟಕ. ದಾರಿ ತಪ್ಪಿದ ಈಜಿಪ್ಟಿನ ಪೊಲೀಸ್ ಬ್ಯಾಂಡೊಂದು ಇಸ್ರೇಲಿನ ಸಣ್ಣ ಊರಲ್ಲಿ ರಾತ್ರಿ ಕಳೆಯುವ ಕಥೆ, ಅಷ್ಟೇ. 2018ರಲ್ಲಿ ಅದಕ್ಕೆ ಅಮೆರಿಕದ ರಂಗಭೂಮಿಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿ ಹತ್ತು ವಿಭಾಗಗಳಲ್ಲಿ ಬಂತು.

ದಯವಿಟ್ಟು ಆ ಸಂದೇಶವನ್ನು ಸುಮ್ನೆ ಫಾರ್ವರ್ಡ್ ಮಾಡಬೇಡಿ.