ಪಿಕಪ್‌ನ ಬಾನೆಟ್ ಎತ್ತಲು ಯಾಕಿಷ್ಟು ಹೆದರಿಕೆ?

"ಈಗಿನ ಪಿಕಪ್‌ಗೆ ಮನೆಯಲ್ಲಿ ಕೈ ಹಾಕಬಾರದು ಮಾರಾಯ್ರೇ, ಎಲ್ಲಾ ಕಂಪ್ಯೂಟರ್." ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ, ಪೆರ್ಲ ಕಡೆ ಈ ಮಾತು ಈಗ ಮಾಮೂಲಿ. ಹೇಳುವವರು ಯಾರು ಗೊತ್ತಾ? ಒಂದು ಕಾಲದಲ್ಲಿ ಅಂಗಳದಲ್ಲಿ ಗೋಣಿ ಹಾಸಿ ಹಳೇ ಜೀಪಿನ ಎಂಜಿನ್ ಬಿಚ್ಚಿ ಪಿಸ್ಟನ್ ರಿಂಗ್ ಬದಲಿಸಿದವರೇ. ಈಗ ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ ತೆಗೆಯಲೂ ಹೆದರುತ್ತಾರೆ.

ನನಗೆ ಇದು ಒಪ್ಪಿಗೆ ಇಲ್ಲ. ಎಂಜಿನ್ ಪೂರ್ತಿ ಬಿಚ್ಚಿ ಅಂತ ನಾನು ಹೇಳ್ತಿಲ್ಲ. ಏನು ಕೆಟ್ಟಿದೆ ಅಂತ ಹುಡುಕುವ ಕೆಲಸವನ್ನು ಮಾತ್ರ ಪೂರ್ತಿಯಾಗಿ ಬೇರೆಯವರಿಗೆ ಬಿಟ್ಟುಕೊಡಬೇಡಿ. ಬಿಲ್ ಬೆಳೆಯುವುದು ಅಲ್ಲೇ.

ಕೇರಳ-ಕರ್ನಾಟಕ ಗಡಿಯವರಾದ ನಮಗೆ ಇನ್ನೊಂದು ಕಾರಣವೂ ಇದೆ. ಸಣ್ಣ ಸಾಮಾನು ಕುಂಬಳೆ, ಕಾಸರಗೋಡಿನಲ್ಲಿ ಸಿಗುತ್ತದೆ. ಸ್ವಲ್ಪ ದೊಡ್ಡ ಕೆಲಸ ಅಂದ ಕೂಡಲೇ ನಾವು ಮಂಗಳೂರಿಗೋ ಪುತ್ತೂರಿಗೋ ಮುಖ ಮಾಡುತ್ತೇವೆ. ಕೊರೊನಾ ಬಂತು ಅಂತ 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದರು, ಒಳರಸ್ತೆಗಳಿಗೆ ಮಣ್ಣು ಸುರಿದರು. ಆಸ್ಪತ್ರೆಗೆ ಹೋಗುವವರಿಗೇ ದಾರಿ ಇರಲಿಲ್ಲ, ಇನ್ನು ಪಿಕಪ್‌ನ್ನು ಯಾರು ಕೇಳುತ್ತಾರೆ? ಆಗ ಗಾಡಿ ಕೆಟ್ಟವರಿಗೆ ಅವರವರ ಸ್ಪಾನರೇ ಗತಿ ಆಗಿತ್ತು.

ಹೆದರಿಕೆಯಲ್ಲಿ ಅರ್ಧ ಸತ್ಯ ಇದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಹಳೇ ಎಂಜಿನ್‌ನಲ್ಲಿ ಡೀಸೆಲ್ ಖಾಲಿಯಾಗಿ ಏರ್ ಹಿಡಿದರೆ ಏನು ಮಾಡುತ್ತಿದ್ದೆವು? ಕೈಪಂಪ್ ಒತ್ತಿ, ಎಂಜಿನ್‌ಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನ ಪೈಪಿನ ನಟ್ ಸಡಿಲ ಮಾಡಿ, ಸೆಲ್ಫ್ ಹೊಡೆದು ಗಾಳಿ ಬಿಡಿಸುತ್ತಿದ್ದೆವು. ಈಗಿನ ಕಾಮನ್ ರೈಲ್ ಎಂಜಿನ್‌ನಲ್ಲಿ, ಅಂದರೆ ಎಲ್ಲಾ ಇಂಜೆಕ್ಟರ್‌ಗಳಿಗೂ ರೈಲ್ ಅನ್ನುವ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ ಎಂಜಿನ್‌ನಲ್ಲಿ, ಈ ಚಾಳಿ ಬೇಡವೇ ಬೇಡ. ಪಿಕಪ್‌ನ ಹಿಂದಿನ ಟಯರಿನ ಗಾಳಿ ಸುಮಾರು 4 ಬಾರ್ ಇದ್ದರೆ, ರೈಲಿನೊಳಗಿನ ಡೀಸೆಲ್ ಒತ್ತಡ 1,600 ಬಾರ್‌ವರೆಗೂ ಹೋಗುತ್ತದೆ. ಅಲ್ಲಿಂದ ಚಿಮ್ಮಿದ ಡೀಸೆಲ್ ಚರ್ಮವನ್ನೇ ತೂತು ಮಾಡಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ನೋವೂ ಮೊದಲಿಗೆ ಜಾಸ್ತಿ ಇರುವುದಿಲ್ಲ. ತಡ ಮಾಡಿದರೆ ಬೆರಳೇ ಹೋಗಬಹುದು. ಹಾಗೆ ಏನಾದರೂ ಆದರೆ ಅರಿಶಿನ ಹಚ್ಚಿಕೊಂಡು ಕೂರಬೇಡಿ, ಸೀದಾ ಆಪರೇಷನ್ ಮಾಡುವ ಆಸ್ಪತ್ರೆಗೆ ಓಡಿ. ಲೀಕ್ ಎಲ್ಲಿದೆ ಅಂತ ಬೆರಳಿಟ್ಟು ನೋಡುವುದಂತೂ ಬೇಡ. ದೂರದಿಂದ ಒಂದು ರಟ್ಟಿನ ತುಂಡು ಹಿಡಿದರೆ ಸಾಕು, ಅದು ಒದ್ದೆಯಾಗುತ್ತದೆ.

ರೈಲ್, ಇಂಜೆಕ್ಟರ್, ಹೈ ಪ್ರೆಶರ್ ಪಂಪ್ ಬಲ್ಲವರಿಗೆ ಬಿಡಿ. ಅವಿಷ್ಟನ್ನು ಬಿಟ್ಟರೂ ಬಾನೆಟ್ ಕೆಳಗೆ ಬೇಕಾದಷ್ಟು ಕೆಲಸ ಇದೆ.

ಪಕ್ಕದ ಮನೆಯವರ ಪಿಕಪ್ ಏರಿನಲ್ಲಿ ಪುಲ್ಲಿಂಗ್ ಇಲ್ಲದೆ ನಿಲ್ಲುತ್ತಿತ್ತು. ಒಂದು ವರ್ಕ್‌ಶಾಪ್‌ನಲ್ಲಿ ಸ್ಕ್ಯಾನರ್ ಹಾಕಿದರು, ಪಿ0087 ಅನ್ನುವ ದೋಷದ ಕೋಡ್ ಬಂತು. ರೈಲಿನಲ್ಲಿ ಒತ್ತಡ ಕಡಿಮೆ ಅಂತ ಅರ್ಥ. ಪಂಪ್ ಬದಲಿಸಬೇಕು ಅಂದರು. ಆದರೆ ಆ ಕೋಡ್ ಪಂಪ್ ಕೆಟ್ಟಿದೆ ಅಂತ ಹೇಳುವುದಿಲ್ಲವಲ್ಲ! ಒತ್ತಡ ಕಡಿಮೆ ಅಂತಷ್ಟೇ ಹೇಳುತ್ತದೆ. ಪಂಪ್‌ಗೆ ಡೀಸೆಲ್ಲೇ ಸರಿಯಾಗಿ ಬರದಿದ್ದರೂ ಅದೇ ಕೋಡ್ ಬರುತ್ತದೆ. ಮನೆಗೆ ತಂದು ಡೀಸೆಲ್ ಫಿಲ್ಟರ್ ಅಡಿಯ ಸ್ಕ್ರೂ ಸಡಿಲಿಸಿ ಗಾಜಿನ ಬಾಟಲಿಗೆ ಹಿಡಿದೆವು. ಸ್ವಲ್ಪ ಹೊತ್ತಿಗೆ ಅಡಿಯಲ್ಲಿ ನೀರು, ಮೇಲೆ ಡೀಸೆಲ್. ವರ್ಷಕ್ಕೆ 3,500 ಮಿಲಿಮೀಟರ್ ಹತ್ತಿರ ಮಳೆ ಬೀಳುವ ಜಿಲ್ಲೆ ನಮ್ಮದು, ಅವರು ಡೀಸೆಲ್ ಡ್ರಮ್ಮನ್ನು ಹಟ್ಟಿಯ ಮಾಡಿನಡಿ ಇಡುವವರು. ಫಿಲ್ಟರ್ ಹೊಸದು ಹಾಕಿ, ಟ್ಯಾಂಕ್ ತೊಳೆದ ಮೇಲೆ ಗಾಡಿ ಲೋಡ್ ಸಮೇತ ಏರು ಹತ್ತಿತು.

ಸ್ಕ್ಯಾನರ್ ಬೇಡ ಅಂತಲ್ಲ. ಮೊಬೈಲ್‌ಗೆ ಬ್ಲೂಟೂತ್‌ನಲ್ಲಿ ಸೇರುವ ಗಾಡಿಯ ಕಂಪ್ಯೂಟರಿನ ಕೋಡ್ ಓದುವ ಸಣ್ಣ ಓಬಿಡಿ ಸಾಧನ ಒಂದು ಮನೆಯಲ್ಲಿರಲಿ. ಅದು ತೋರಿಸುವ ಕೋಡನ್ನು ತೀರ್ಪು ಅಂದುಕೊಳ್ಳಬೇಡಿ, ಎಲ್ಲಿಂದ ಹುಡುಕಬೇಕು ಅಂತ ಅಷ್ಟೇ ಅದು ಹೇಳುವುದು.

ನಮ್ಮಲ್ಲಿ ಸೆನ್ಸರ್ ಹಾಳಾಯಿತು ಅನ್ನುವ ಎಷ್ಟೋ ಕೇಸುಗಳ ಹಿಂದೆ ಇಲಿ ಇರುತ್ತದೆ. ಅಡಿಕೆ ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸಿದರೆ ಬೆಚ್ಚಗಿನ ಎಂಜಿನ್ ಮೇಲೆ ಅದರ ಸಂಸಾರ ಶುರು. ಮೊದಲು ವಯರ್ ನೋಡಿ, ಆಮೇಲೆ ಬ್ಯಾಟರಿ ಟರ್ಮಿನಲ್, ಅರ್ಥ್ ವಯರಿನ ತುಕ್ಕು. ಉಪ್ಪುಗಾಳಿಯ ಊರು ನಮ್ಮದು.

ಹೊಗೆಗೆ ಸ್ಕ್ಯಾನರೂ ಬೇಡ. ಕಪ್ಪು ಹೊಗೆ ಅಂದರೆ ಗಾಳಿ ಸಾಲುತ್ತಿಲ್ಲ ಅಥವಾ ಡೀಸೆಲ್ ಜಾಸ್ತಿ ಆಗುತ್ತಿದೆ. ಏರ್ ಫಿಲ್ಟರ್, ಟರ್ಬೊ ಹೋಸ್ ನೋಡಿ. ನೀಲಿ ಇದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬೆಳಗ್ಗೆ ಸ್ವಲ್ಪ ಬಿಳಿ ಬಂದು ನಿಂತರೆ ತಲೆಬಿಸಿ ಬೇಡ. ಬಿಳಿ ಹೊಗೆ ನಿಲ್ಲುವುದೇ ಇಲ್ಲ, ಕೂಲಂಟ್ ಇಳಿಯುತ್ತಿದೆ, ಆಯಿಲ್ ಮುಚ್ಚಳದ ಒಳಗೆ ಹಾಲಿನ ಬಣ್ಣದ ಜಿಡ್ಡು ಅಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ಡಿನ ಅಡಿಯ ಸೀಲ್) ಮೇಲೆ ಅನುಮಾನ ಪಡಿ. ಮತ್ತೆ ಸ್ಟಾರ್ಟ್ ಮಾಡಬೇಡಿ. ಕೂಲಂಟ್ ಅಂದಾಗ ನೆನಪಾಯಿತು, ಗುಡ್ಡ ಕೊರೆದು ತೆಗೆಯುವ ಸುರಂಗದ ನೀರು ಕುಡಿಯಲು ಎಷ್ಟೇ ಚೆನ್ನಾಗಿರಲಿ, ರೇಡಿಯೇಟರ್‌ಗೆ ಬೇಡ. ತುಕ್ಕು ತಡೆಯುವುದು ಕೂಲಂಟ್, ಅದಕ್ಕೆ ಬೆರೆಸಲು ಡಿಸ್ಟಿಲ್ಡ್ ವಾಟರ್ ತನ್ನಿ.

2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಾಲಿನ್ಯದ ನಿಯಮ) ಡೀಸೆಲ್ ಗಾಡಿಗಳಲ್ಲಿ ಬಹುತೇಕ ಡಿಪಿಎಫ್ ಅನ್ನುವ, ಹೊಗೆ ಸೋಸುವ ಫಿಲ್ಟರ್ ಇರುತ್ತದೆ. ಅದು ಹೊಗೆಯ ಮಸಿ ಹಿಡಿದಿಟ್ಟು, 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಡುತ್ತದೆ. ತೋಟದಿಂದ ಸೊಸೈಟಿ, ಸೊಸೈಟಿಯಿಂದ ತೋಟ ಅಂತ ಬರೀ ಹತ್ತಿರ ಓಡಿಸಿದರೆ ಅಷ್ಟು ಬಿಸಿ ಆಗುವುದೇ ಇಲ್ಲ, ಮಸಿ ಒಳಗೇ ಕಟ್ಟಿಕೊಳ್ಳುತ್ತದೆ. ಆಗಾಗ ಹೆದ್ದಾರಿಯಲ್ಲಿ ಒಂದಷ್ಟು ದೂರ ಒಂದೇ ವೇಗದಲ್ಲಿ ಓಡಿಸಿ. ಆಯಿಲ್ ಕೂಡ ಪುಸ್ತಕದಲ್ಲಿ ಹೇಳಿದ ದರ್ಜೆಯದ್ದೇ ಹಾಕಿ.

ಇನ್ನು ಒಂದು ವಿಷಯಕ್ಕೆ ನಾನು ಜಗಳಕ್ಕೂ ತಯಾರು. ಗಾಡಿ ಜಾಕಿಯಲ್ಲಿ ಎತ್ತಿ, ಚಾಸಿಸ್ ಕೆಳಗೆ ಎರಡು ಮುರಕಲ್ಲು (ಮನೆ ಕಟ್ಟುವ ಕೆಂಪು ಕಲ್ಲು) ಇಟ್ಟು ಒಳಗೆ ನುಸುಳುವುದು. ಮನೆ ಕಟ್ಟಿದ ಕಲ್ಲು ಗಾಡಿ ತಡೆಯುವುದಿಲ್ಲವಾ ಅಂತ ಕೇಳುತ್ತಾರೆ. ಗೋಡೆಯಲ್ಲಿ ಭಾರ ಇಡೀ ಕಲ್ಲಿನ ಮೇಲೆ ಹಂಚಿ ಬೀಳುತ್ತದೆ. ಇಲ್ಲಿ ಕಬ್ಬಿಣದ ಅಂಚು ಒಂದೇ ಗೆರೆಯಲ್ಲಿ ಒತ್ತುತ್ತದೆ. ಮುರಕಲ್ಲು ಬಾಗಿ ಎಚ್ಚರಿಕೆ ಕೊಡುವುದಿಲ್ಲ, ಏಕಾಏಕಿ ಪುಡಿಯಾಗುತ್ತದೆ. ಎತ್ತಿದ ಗಾಡಿಗೆ ಆಧಾರ ಕೊಡುವ ಜಾಕ್ ಸ್ಟ್ಯಾಂಡ್ ತನ್ನಿ. ಸ್ಟ್ಯಾಂಡ್ ಇಲ್ಲದಿದ್ದರೆ ಅಡಿಗೆ ಹೋಗಲೇಬೇಡಿ. ಅಂಗಳ ಇಳಿಜಾರಾಗಿದ್ದರೆ ಸ್ಟ್ಯಾಂಡ್ ಇದ್ದರೂ ಬೇಡ.

ಆಯಿಲ್ ಬದಲಿಸಿದ ಮೇಲೆ ಉಳಿಯುವ ಕರಿ ಆಯಿಲ್ ಏನು ಮಾಡುತ್ತೀರಿ? ಬೇಲಿ ಗೂಟಕ್ಕೆ ಗೆದ್ದಲು ಬಾರದಂತೆ ಬಳಿಯುವವರಿದ್ದಾರೆ, ತೋಡಿನ ಬದಿಗೆ ಚೆಲ್ಲುವವರೂ ಇದ್ದಾರೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದು ಎಣ್ಮಕಜೆಯ ಜನ ಏನು ಅನುಭವಿಸಿದರು ಅಂತ ನೋಡಿದ ಜಿಲ್ಲೆ ಇದು. ನಾವೇ ನಮ್ಮ ಬಾವಿ ಬದಿಗೆ ವಿಷ ಚೆಲ್ಲುವುದಾ? ಕ್ಯಾನಿಗೆ ತುಂಬಿಸಿ, ಹಳೇ ಆಯಿಲ್ ಮರುಬಳಕೆಗೆ ಕೊಡುವ ಗ್ಯಾರೇಜ್‌ಗೆ ಒಪ್ಪಿಸಿ.

ಕೊನೆಗೆ ಕಂಪನಿಗಳ ವಿಷಯ. ಬಿಡಿಭಾಗ, ರಿಪೇರಿ ಉಪಕರಣಗಳನ್ನು ಹೊರಗಿನ ಗ್ಯಾರೇಜ್‌ಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಅದು ಮೇಲ್ಮನವಿಗೆ ಹೋಯಿತು. 2022ರಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಡಿಸೆಂಬರ್‌ನಲ್ಲಿ ಪೋರ್ಟಲ್ ತಂದಿತು. ವಾಹನ, ಕೃಷಿ ಯಂತ್ರ ಎರಡೂ ಅದರಲ್ಲಿವೆ. ಒಳ್ಳೆಯದೇ. ಆದರೆ ನನಗೆ ಬೇಕಾದದ್ದು ಗ್ರಾಹಕ ಸಹಾಯವಾಣಿಯ ನಂಬರ್ ಅಲ್ಲ. ಪೂರ್ತಿ ವರ್ಕ್‌ಶಾಪ್ ಪುಸ್ತಕ ಬೇಕು, ವಯರಿಂಗ್ ನಕ್ಷೆ ಬೇಕು, ಹೆಡ್ ಬೋಲ್ಟ್‌ಗಳನ್ನು ಯಾವ ಕ್ರಮದಲ್ಲಿ, ಎಷ್ಟು ಟಾರ್ಕ್‌ಗೆ ಬಿಗಿ ಮಾಡಬೇಕು ಅನ್ನುವ ಪಟ್ಟಿ ಬೇಕು. ದುಡ್ಡಿಗೇ ಕೊಡಲಿ, ಬಿಟ್ಟಿ ಬೇಡ. ಲಕ್ಷಗಟ್ಟಲೆ ಕೊಟ್ಟು ಗಾಡಿ ತೆಗೆದವನು ಆ ಒಂದು ಅಂಕಿಗಾಗಿ ಯೂಟ್ಯೂಬ್‌ನಲ್ಲಿ ಯಾರದ್ದೋ ಮಸುಕು ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಬೇಕಾ?