ಮುದಿ ಟ್ರ್ಯಾಕ್ಟರಿಗೊಂದು ಮೋವರ್

ಕಾಸರಗೋಡು ಸಪ್ತಭಾಷಾ ಸಂಗಮ ಭೂಮಿ ಎಂದು ಭಾಷಣಗಳಲ್ಲಿ ಕೇಳಿ ಕೇಳಿ ಬೆಳೆದವನು ನಾನು. ಅದು ಅಕ್ಷರಶಃ ನಿಜವೆಂದು ಮನದಟ್ಟಾದದ್ದು, ನನ್ನ ಭಾವ ಟ್ರ್ಯಾಕ್ಟರಿಗೆ ಹುಲ್ಲು ಹೆರೆಯುವ ಮೋವರ್ ಕೊಳ್ಳುತ್ತಾರಂತೆ ಎಂಬ ಸುದ್ದಿ ಬದಿಯಡ್ಕ ಪೇಟೆಗೆ ಮುಟ್ಟಿದ ಮೇಲೆ. ತುಳುವಿನಲ್ಲಿ ಒಂದು ಸಲಹೆ, ಮಲಯಾಳದಲ್ಲಿ ಅದಕ್ಕೆ ತದ್ವಿರುದ್ಧವಾದ ಇನ್ನೊಂದು, ಕೊಂಕಣಿಯಲ್ಲಿ ಎರಡನ್ನೂ ತಳ್ಳಿಹಾಕುವ ತೀರ್ಪು. ಸಲಹೆ ಕೊಟ್ಟವರಲ್ಲಿ ಟ್ರ್ಯಾಕ್ಟರ್ ಇದ್ದವರು ಒಬ್ಬರೂ ಇರಲಿಲ್ಲ. ಗುಡ್ಡೆ, ಕಣಿ, ಅಡಿಕೆ ತೋಟ ಬಿಟ್ಟರೆ ಬೇರೇನಿಲ್ಲದ ಊರಿನಲ್ಲಿ ಅದನ್ನು ಇಟ್ಟುಕೊಂಡು ಮಾಡುವುದಾದರೂ ಏನು?

ಭಾವನ ಟ್ರ್ಯಾಕ್ಟರ್ ಅವರ ಅಪ್ಪನ ಕಾಲದ್ದು. ಮನೆಯೆದುರಿನ ಬೈಲಿನಲ್ಲಿ ಭತ್ತ ಬೆಳೆಯುತ್ತಿದ್ದಾಗ ಬಂದದ್ದು. ಗದ್ದೆಗಳು ಒಂದೊಂದಾಗಿ ತೋಟವಾದವು. ಟ್ರ್ಯಾಕ್ಟರ್ ಹಟ್ಟಿಯ ಪಕ್ಕದ ಮಾಡಿನಡಿ ಸೇರಿತು. ಅದರ ಸೀಟಿನಲ್ಲಿ ಬೆಕ್ಕು ತಲೆಮಾರುಗಳನ್ನು ಬೆಳೆಸಿತು. ಉಳಿದಿದ್ದ ಕೊನೆಯ ಗದ್ದೆಗೂ ಅಡಿಕೆ ಸಸಿ ಇಡುವ ಬದಲು ಭಾವ ಹುಲ್ಲುಹಾಸು ಬೆಳೆಸಿ, ಮದುವೆ, ಉಪನಯನ, ಬಯಲಾಟಗಳಿಗೆ ಬಾಡಿಗೆಗೆ ಕೊಡಲು ಹೊರಟರು. ಹುಲ್ಲು ಚೆನ್ನಾಗಿಯೇ ಬಂತು. ಜೂನ್ ಕಳೆದ ಮೇಲೆ ಬೇಡ ಬೇಡವೆಂದರೂ ಬಂತು. ಬ್ರಷ್ ಕಟರ್‌ನವರು ಮಳೆಗಾಲದಲ್ಲಿ ಫೋನ್ ಎತ್ತುವುದಿಲ್ಲ. ಎತ್ತಿದರೆ ‘ನಾಳೆ’ ಎನ್ನುತ್ತಾರೆ. ಯಾವ ನಾಳೆ ಎಂದು ಕೇಳಿದರೆ ಇಟ್ಟುಬಿಡುತ್ತಾರೆ. ಅವರು ಹೆರೆದ ಮೇಲೂ ಇಲ್ಲೊಂದು ಬೋಳು, ಅಲ್ಲೊಂದು ಜುಟ್ಟು.

ಹಾಗಾಗಿ ಫಿನಿಶ್ ಮೋವರ್. ಸ್ಲ್ಯಾಷರ್ ಬೇರೆ, ಇದು ಬೇರೆ. ಸ್ಲ್ಯಾಷರ್ ಎಂಬುದು ಒರಟು ಆಸಾಮಿ. ಕಮ್ಯುನಿಸ್ಟ್ ಗಿಡ, ಮುಳಿಹುಲ್ಲು, ಏನು ಕೊಟ್ಟರೂ ಕೊಚ್ಚುತ್ತದೆ. ಫಿನಿಶ್ ಮೋವರಿನ ತಗಡಿನಡಿ ಮೂರು ಅಲಗುಗಳು ಬೆಲ್ಟಿನ ಬಲದಿಂದ ಬಹಳ ವೇಗವಾಗಿ ತಿರುಗುತ್ತವೆ. ನಾಲ್ಕು ಮೂಲೆಗಳ ಪುಟ್ಟ ಚಕ್ರಗಳು ನೆಲದಿಂದ ಇಷ್ಟೇ ಇಂಚು ಎಂದು ಎತ್ತರ ಕಾಯುತ್ತವೆ. ಅದಕ್ಕೆ ಎಳೆಯ ಹುಲ್ಲೇ ಬೇಕು, ಕಲ್ಲು ಕೂಡದು. ಮುರಕಲ್ಲಿನ ನೆಲದಲ್ಲಿ ಕಲ್ಲು ಕೂಡದು ಎನ್ನುವ ಯಂತ್ರ! ಭಾವ ಆಳುಗಳನ್ನು ಸಾಲಾಗಿ ಕೂರಿಸಿ ಅಕ್ಕಿ ಆರಿಸುವಂತೆ ಗದ್ದೆಯ ಕಲ್ಲು ಆರಿಸಿದರು.

ಇನ್ನು ಅಳತೆ. ಅಂಗಡಿಯವರು ಏಳಡಿಯದ್ದೇ ಸರಿ, ಕೆಲಸ ಬೇಗ ಮುಗಿಯುತ್ತದೆ ಎಂದರು. ಭಾವನ ಚಿಕ್ಕಪ್ಪ ನಾಲ್ಕಡಿ ಸಾಕು, ತೋಟಕ್ಕೂ ಇಳಿಸಬಹುದು ಎಂದರು. ಅಡಿಕೆ ಮರಗಳ ನಡುವೆ ಇರುವುದು 9 ಅಡಿ, ಅದರಲ್ಲೂ ಕಣಿ; ಅಲ್ಲಿಗೆ ಟ್ರ್ಯಾಕ್ಟರ್ ಇಳಿದರೆ ಮೇಲೆ ಬರುವುದು ಕ್ರೇನಿನಲ್ಲಿ. ನನಗೆ ಈ ವಿಷಯದಲ್ಲಿ ಅಭಿಪ್ರಾಯಕ್ಕಿಂತ ಟೇಪಿನ ಮೇಲೆ ನಂಬಿಕೆ. ಹಿಂದಿನ ಟೈರುಗಳ ಹೊರಬದಿಯಿಂದ ಹೊರಬದಿಗೆ ಐದೂವರೆ ಅಡಿ. ಮೋವರ್ ಅದಕ್ಕಿಂತ ಕಿರಿದಾದರೆ ಟೈರು ಮೆಟ್ಟಿದ ಹುಲ್ಲಿನ ಅಂಚು ಕತ್ತರಿಗೆ ಸಿಗದೆ ಮಾರನೆಯ ದಿನ ಎದ್ದು ನಿಂತು ಅಣಕಿಸುತ್ತದೆ. ಅಗಲ ಹೆಚ್ಚಿದರೆ ಎಂಜಿನ್ ಏದುಸಿರು ಬಿಡುತ್ತದೆ: ಒಂದಡಿ ಅಗಲಕ್ಕೆ ಪಿಟಿಒದಲ್ಲಿ, ಅಂದರೆ ಹಿಂದೆ ಸಿಕ್ಕಿಸಿದ ಯಂತ್ರವನ್ನು ತಿರುಗಿಸುವ ಟ್ರ್ಯಾಕ್ಟರಿನ ದಂಡದಲ್ಲಿ, ಸುಮಾರು 5 ಅಶ್ವಶಕ್ತಿ ಬೇಕೆಂಬುದು ರೂಢಿಯ ಲೆಕ್ಕ. 35 ಅಶ್ವಶಕ್ತಿಯ ಎಂಜಿನ್‌ನಿಂದ ಪಿಟಿಒಗೆ ತಲಪುವುದು ಮೂವತ್ತರ ಆಸುಪಾಸು. ಆರಡಿ ಎಂದು ಟ್ರ್ಯಾಕ್ಟರೇ ತೀರ್ಮಾನಿಸಿತು. ಚಿಕ್ಕಪ್ಪ ಮಾತು ಬಿಟ್ಟರು.

ಇಷ್ಟೆಲ್ಲ ಆದ ಮೇಲೆ ಮೇಸ್ತ್ರಿ ಟ್ರ್ಯಾಕ್ಟರಿನಡಿ ಮಲಗಿ, ಎದ್ದು, ಕೈ ಒರೆಸಿಕೊಂಡು, “ಭಟ್ಟರೇ, ಇದರಲ್ಲಿ ಒಂದೇ ಕ್ಲಚ್. ಮೋವರಿಗೆ ಬೇರೆ ಇಲ್ಲ. ಓವರ್‌ರನ್ನಿಂಗ್ ಕ್ಲಚ್ ಹಾಕದೆ ಓಡಿಸಬೇಡಿ,” ಎಂದರು.

“ಬ್ರೇಕ್ ಇದೆಯಲ್ಲ,” ಎಂದರು ಭಾವ.

ದೀಪಾವಳಿ ಕಳೆದಿತ್ತು. ಅಂಗಳದ ತುಂಬ ಮೊದಲ ಕೊಯಿಲಿನ ಅಡಿಕೆ ಒಣಗುತ್ತಿತ್ತು. ಭಾವ ಹೊಸ ಮೋವರ್ ಸಿಕ್ಕಿಸಿಕೊಂಡು ಗದ್ದೆಯ ಆ ತುದಿಯಿಂದ ಹೊರಟರು. ಹಿಂದೆ ಕ್ಷೌರ ಮಾಡಿಸಿಕೊಂಡ ನೆಲ ನುಣ್ಣಗೆ ಬರುತ್ತಿತ್ತು; ಜಗಲಿಯಲ್ಲಿ ನಿಂತ ನಮಗೂ ಹೆಮ್ಮೆ. ಈ ತುದಿಗೆ ಬಂದವರು ಕ್ಲಚ್ ಮೆಟ್ಟಿದರು. ಟ್ರ್ಯಾಕ್ಟರ್ ನಿಲ್ಲಲಿಲ್ಲ. ಅಂಗಳದ ಕಡೆಗೇ ಬಂತು.

“ನಿಲ್ಲಿಸು ಮಾರಾಯಾ!” ಎಂದು ಚಿಕ್ಕಪ್ಪ ಕೂಗಿದರು.

“ನಿಲ್ಲಿಸಿದ್ದೇನೆ!” ಎಂದು ಭಾವ ಟ್ರ್ಯಾಕ್ಟರ್ ಮೇಲಿನಿಂದಲೇ ಕೂಗಿದರು.

ಇಬ್ಬರೂ ಹೇಳಿದ್ದು ಸರಿ. ಕ್ಲಚ್ ಮೆಟ್ಟಿದಾಗ ಎಂಜಿನ್ ಸಂಬಂಧ ಕಡಿದುಕೊಂಡಿತು, ಆದರೆ ಮೂರು ಅಲಗುಗಳು ತಮ್ಮ ರಭಸದಲ್ಲಿ ತಿರುಗುತ್ತಲೇ ಇದ್ದು, ಪಿಟಿಒ ಶಾಫ್ಟಿನ ಮೂಲಕ ಗೇರ್‌ಪೆಟ್ಟಿಗೆಯನ್ನೂ, ಅದರ ಮೂಲಕ ಚಕ್ರಗಳನ್ನೂ ಮುಂದಕ್ಕೆ ನೂಕಿದವು. ಟ್ರ್ಯಾಕ್ಟರ್ ಮೋವರನ್ನು ಎಳೆಯುವ ಬದಲು ಮೋವರೇ ಟ್ರ್ಯಾಕ್ಟರನ್ನು ಓಡಿಸಿತು. ಭಾವನಿಗೆ ಬ್ರೇಕ್ ನೆನಪಾಗುವಷ್ಟರಲ್ಲಿ ಅಡಿಕೆಯ ಅಂಚು ತಗಡಿನಡಿಗೆ ಹೋಗಿತ್ತು. ಪಟಪಟ ಶಬ್ದ. ನಾವೆಲ್ಲ ಕಂಬಗಳ ಹಿಂದೆ. ಪುಣ್ಯಕ್ಕೆ ಅದು ಹಿಂದಕ್ಕೆ ಉಗುಳುವ ಮಾದರಿ. ಅಡಿಕೆಗಳು ಗದ್ದೆಯ ಕಡೆಗೇ ಹಾರಿದವು. ಪಕ್ಕಕ್ಕೆ ಉಗುಳುವಂಥದ್ದಾಗಿದ್ದರೆ ಅಡುಗೆಮನೆಯ ಮಾಡಿಗೆ ಹೊಸ ಹೆಂಚು ತರಬೇಕಿತ್ತು.

ಎಲ್ಲ ಸ್ತಬ್ಧವಾದ ಮೇಲೆ ಚಿಕ್ಕಪ್ಪ ಹೋಗಿ ಒಂದನ್ನು ಹೆಕ್ಕಿದರು. ಸಿಪ್ಪೆ ಅರ್ಧ ಕಿತ್ತು ನಾರು ಜೋಲುತ್ತಿತ್ತು, ಒಳಗಿನ ಅಡಿಕೆ ನಡುವೆ ಸೀಳಿ ಬಿಳಿ ಕಂದು ಗೆರೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ತಿರುಗಿಸಿ ನೋಡಿ, “ಸುಲಿಯುವ ಕೂಲಿ ಉಳಿಯಿತು,” ಎಂದರು. ಮಾತು ಬಿಟ್ಟ ಅವರು ಭಾವನ ಜೊತೆ ಮತ್ತೆ ಮಾತಾಡಿದ್ದು ಅಂದಿನಿಂದಲೇ.

ಮೇಸ್ತ್ರಿ ಮರುದಿನ ಓವರ್‌ರನ್ನಿಂಗ್ ಕ್ಲಚ್ ತಂದು ಪಿಟಿಒಗೆ ತೊಡಿಸಿದರು. ಸೈಕಲಿನ ಫ್ರೀವೀಲ್ ಮಾಡುವುದನ್ನೇ ಅದೂ ಮಾಡುತ್ತದೆ: ಟ್ರ್ಯಾಕ್ಟರ್ ಅಲಗುಗಳನ್ನು ತಿರುಗಿಸಬಹುದು, ಅಲಗುಗಳು ಟ್ರ್ಯಾಕ್ಟರನ್ನು ತಿರುಗಿಸುವಂತಿಲ್ಲ. ಅದರಿಂದ ಶಾಫ್ಟ್ ಕೆಲವು ಇಂಚು ಉದ್ದವಾಗಿ, ಮೋವರ್ ಎತ್ತಿದಾಗ ಶಾಫ್ಟಿನ ಒಳಗಿನ ಕೊಳವೆ ಹೊರಗಿನದಕ್ಕೆ ಗುದ್ದತೊಡಗಿತು; ಅಷ್ಟನ್ನು ಕತ್ತರಿಸಬೇಕಾಯಿತು. ಏರಿನಲ್ಲಿ ಮೋವರ್ ಎತ್ತಿಕೊಂಡು ಹತ್ತುವಾಗ ಮುಂದಿನ ಚಕ್ರ ಹಗುರವಾಗುತ್ತದೆಂದು ಬಂಪರಿಗೆ ತೂಕದ ಕಬ್ಬಿಣ ಬಿಗಿದರು. ಹೈಡ್ರಾಲಿಕ್ ಸೋರುವುದನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಸಂಜೆ ಎತ್ತಿಟ್ಟ ಮೋವರ್ ಬೆಳಗಾಗುವಾಗ ತಾನೇ ನೆಲಕ್ಕಿಳಿದಿರುತ್ತದೆ. ನಿಲ್ಲಿಸುವಾಗ ಇಳಿಸಿಯೇ ನಿಲ್ಲಿಸಬೇಕೆಂಬುದು ಹೇಗೂ ನಿಯಮ, ಅದು ತಾನಾಗಿ ಪಾಲಿಸುತ್ತಿದೆ ಎನ್ನುತ್ತಾರೆ ಭಾವ.

ಈಗ ಗದ್ದೆ ನೋಡಲು ಬಲು ಚಂದ. ಎರಡಿಂಚಿನ ಹುಲ್ಲು, ಎಲ್ಲೂ ಟೈರಿನ ಗೆರೆಯಿಲ್ಲ. ಮೊದಲ ಮದುವೆಯ ಮುನ್ನಾದಿನ ಶಾಮಿಯಾನದವರು ಲಾರಿಯಲ್ಲಿ ಬಂದು ಕಂಬ ನೆಟ್ಟರು, ಕುರ್ಚಿ ಇಳಿಸಿದರು. ಆಮೇಲೆ ಗದ್ದೆಯ ಈ ತುದಿಯಿಂದ ಆ ತುದಿಯವರೆಗೆ, ಒಂದಂಗುಲವೂ ಬಿಡದೆ, ಹಸಿರು ಮ್ಯಾಟ್ ಹಾಸಿದರು.